ಬಿಳಿ ಜಿರಳೆಯ ರೆಕ್ಕೆ

ಬಾರ್ಸೆಲೋನಾದ ನಮ್ಮ ಪ್ರಯೋಗಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಜಿರಳೆ ಸಾಕುತ್ತಿದ್ದೇನೆ. ಮೂಗು ಮುರಿಯುವವರು ಮುರಿಯಲಿ. ನಾಯಿ ತಿಂಡಿ ಹಾಕಿ, ನೀರಿನ ಹತ್ತಿ ಬದಲಿಸಿ, ಒಂದೊಂದರ ವಯಸ್ಸು ಬರೆದಿಟ್ಟು ಬೆಳೆಸುವುದು ಹುಡುಗಾಟವಲ್ಲ.

ಅಂದು ಬೆಳಿಗ್ಗೆ ಸಂಶೋಧನೆಯ ಹುಡುಗಿ ಕೆರಾಲ್ಟ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜಿರಳೆಮರಿಯನ್ನು ಮರಿಯಾಗಿಯೇ ಇಡುವುದು ಒಂದು ಹಾರ್ಮೋನು. ಕೊನೆಯ ಹಂತದಲ್ಲಿ ಅದು ಇಳಿದರೂ, ‘ಮರಿಯಾಗೇ ಇರು’ ಎಂಬ ಅದರ ಆಜ್ಞೆಯ ಪ್ರತಿಗಳು ಮೈಯಲ್ಲಿ ಉಳಿದಿರುತ್ತವೆ. ಅವನ್ನು ಗುಡಿಸಿ ಹಾಕುವುದು ಪುಟಾಣಿ ಆರ್‌ಎನ್‌ಎಗಳು ಎಂಬುದು ಇವಳ ವಾದ. ಆ ಪುಟಾಣಿಗಳು ತಯಾರಾಗದಂತೆ ಸೂಜಿ ಚುಚ್ಚಿದಾಗ ಜಿರಳೆಗಳು ಪೊರೆ ಬಿಟ್ಟವು, ಆದರೆ ಗಂಟೆಗಟ್ಟಲೆ ಕಾದರೂ ರೆಕ್ಕೆಯಿಲ್ಲದ ದಪ್ಪ ಮರಿಗಳಾಗಿಯೇ ಉಳಿದವು. “ಸೂಜಿಗೆ ಕಾಯಿಲೆ ಬಿದ್ದಿವೆ, ಅಷ್ಟೆ” ಎಂದುಬಿಟ್ಟರು ನಮ್ಮ ಮುಖ್ಯಸ್ಥ ಬೆನೆತ್. ಅದಕ್ಕೇ ಈ ಸಲ ಅವಳು ಆಜ್ಞೆಯನ್ನೇ ಅಡಗಿಸುವ ಎರಡನೆಯ ಮದ್ದನ್ನೂ ಚುಚ್ಚಿದ್ದಳು. ರೆಕ್ಕೆ ಬಂದರೆ ಅದು ಕಾಯಿಲೆಯಲ್ಲ, ಅವಳ ಮಾತೇ ನಿಜ. ಬರದಿದ್ದರೆ ಮೂರು ವರ್ಷದ ಕೆಲಸ ಅಂದಿಗೇ ಬಂದ್, ಮೇಲೆ ಬೆನೆತ್ ಕಟ್ಟಿದ ಪಂತದಂತೆ ಅವರಿಗೆ ವೆರ್ಮುತ್ ವೈನ್ ಬೇರೆ ಕುಡಿಸಬೇಕು.

“ರೆಮೇಯ್, ಬೇಗ ಬಾ. ಪೊರೆ ಬಿಡ್ತಿದೆ” ಎಂದು ಕೆರಾಲ್ಟ್ ನನ್ನನ್ನು ಕೂಗಿದಳು.

ಓಡಿದೆ. ಪೊರೆ ಬಿಟ್ಟ ಹೊಸದರಲ್ಲಿ ಎಲ್ಲವೂ ಇರುವಂತೆ ಹಾಲಿನಷ್ಟು ಬೆಳ್ಳಗಿನ ಜಿರಳೆ ಹಳೆಯ ಪೊರೆಯಿಂದ ಆಗಷ್ಟೇ ಕಾಲು ಬಿಡಿಸಿಕೊಂಡಿತ್ತು. ಬೆನ್ನ ಮೇಲೆ ಒದ್ದೆ ಮುದ್ದೆಯಂಥದ್ದೇನೋ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆನೆತ್ ಬಗ್ಗಿ ನೋಡಿದರು.

“ನಾ ಹೇಳಿರ್ಲಿಲ್ವಾ? ಇದೂ ಮರಿನೇ. ಮಧ್ಯಾಹ್ನ ವೆರ್ಮುತ್ ನೀನೇ ಕುಡಿಸ್ಬೇಕು, ಹುಡುಗಿ.”

ಕೆರಾಲ್ಟ್ ಮುಖ ಸಪ್ಪಗಾಯಿತು. ಕಾಯಬೇಕೆಂಬುದನ್ನೂ ಮರೆತು ಜಿರಳೆಯನ್ನು ಆಲ್ಕೋಹಾಲಿಗೆ ಹಾಕಲು ಚಿಮಟ ಎತ್ತಿದಳು. ನನಗೆ ಸಿಟ್ಟೇ ಬಂತು. ಅವಳ ಮಣಿಕಟ್ಟು ಹಿಡಿದೆ.

“ಇಡು ಕೆಳಗೆ, ಮಗಳೆ. ರೆಕ್ಕೆ ಬರೋದೇ ಹಾಗೆ, ಮುದುರ್ಕೊಂಡು. ಇಸ್ತ್ರಿ ಮಾಡ್ಕೊಂಡು ಹುಟ್ಟುತ್ತಾ?”

“ಇನ್ನೆಷ್ಟು ಹೊತ್ತು?”

“ಬೆನೆತ್ ಹೋಗಿ ಒಂದು ಕಾಫಿ ಕುಡ್ಕೊಂಡು ಬರೋವಷ್ಟು.”

ಬೆನೆತ್ ಹೋಗಲಿಲ್ಲ. ಮೂವರೂ ಒಂದೇ ಡಬ್ಬಿಗೆ ತಲೆ ತಾಗಿಸಿ ನಿಂತೆವು. ಸೋತರೆ ಅವಳಿಗಿಂತ ಹೆಚ್ಚು ಅಳುವುದು ನಾನೇ ಎಂದು ಗೊತ್ತಿತ್ತು.

ಮುದ್ದೆ ಅಲುಗಿತು. ಒಂದು ಅಂಚು ಬಿಚ್ಚಿಕೊಂಡಿತು, ಇನ್ನೊಂದೂ ಬಿಚ್ಚಿಕೊಂಡಿತು. ಎರಡೂ ನಿಧಾನವಾಗಿ ಜಾರುತ್ತಾ ಬೆನ್ನ ತುದಿಯವರೆಗೂ ಹಾಸಿಕೊಂಡವು. ಬೆಳ್ಳನೆಯ, ಪೂರ್ತಿ ರೆಕ್ಕೆಗಳು.

ಬೆನೆತ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ವೆರ್ಮುತ್ ಎಲ್ಲಿ ಕುಡಿಸ್ಲಿ, ಹೇಳು” ಎಂದರು.

ಕೆರಾಲ್ಟ್‌ಗೆ ಕೇಳಿಸಲೇ ಇಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಾ ಪಕ್ಕದ ಡಬ್ಬಿಗೆ ಬಗ್ಗಿದ್ದಳು; ಅಲ್ಲಿ ಇನ್ನೊಂದು ಪೊರೆ ಬಿರಿಯುತ್ತಿತ್ತು. ಈ ಸಲ ಅವಳು ಚಿಮಟ ಮುಟ್ಟಲಿಲ್ಲ.