ಹೊತ್ತಲ್ಲದ ಹೊತ್ತಿನ ಶಂಖ

ದೇವರ ಮಣೆಯ ಮೇಲಿನ ಗಂಟೆ ಹಿತ್ತಾಳೆ ತಟ್ಟೆಗೆ ತಾಗಿ ಕಿಣಿಕಿಣಿ ಅಂದಿತು. ವಸಂತಾಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಅಂಗಾಲಿನಿಂದ ನಡುಕ ಮೊಣಕಾಲಿಗೆ ಹತ್ತಿತು, ಎದೆಯೊಳಗೆ ಅವಲಕ್ಕಿ ಕುಟ್ಟತೊಡಗಿತು. ಕಣ್ಣು ಮುಚ್ಚಿದರೆ ಕೆಟ್ಟಿತು. ಮುಚ್ಚಿದ ಕೂಡಲೇ ಭುಜ್‌ನ ಭೂಕಂಪ ಬರುತ್ತದೆ. ಅಹಮದಾಬಾದಿನ ಡಾಕ್ಟರಮ್ಮ ಹೇಳಿಕೊಟ್ಟಂತೆ ಕಣ್ಣಗಲಿಸಿ, ಎದುರಿಗಿದ್ದುದನ್ನೆಲ್ಲ ಹೆಸರು ಹಿಡಿದು ಕರೆದಳು.

"ಇದು ಲಟ್ಟಣಿಗಿ. ಇದು ಹಂಚು. ಇದು ಜೀರಗಿ ಡಬ್ಬಿ. ಇದು ಕಲ್ಕತ್ತಾ. ನಡಗಿದ್ದು ಟ್ರೇನು. ಬರೇ ಟ್ರೇನು."

ಲೇಕ್ ಗಾರ್ಡನ್ಸ್ ಸ್ಟೇಷನ್ ಬಿಟ್ಟ ಲೋಕಲ್ ಟ್ರೇನು ಕೂಗು ಹಾಕಿಕೊಂಡು ಕಿಟಕಿಯ ಹಿಂದೆ ಹಾದು ಹೋಯಿತು. ಹಂಚಿನ ಮೇಲಿನ ಚಪಾತಿ ಕರಕಲಾಗಿತ್ತು.

"ಮತ್ತ ಬಂತೇನ?" ಗಂಡ ದೇವೇಂದ್ರ ಟೂರಿನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಇಲ್ರೀ. ಮಾತಾಡಕೋತ ಚಪಾತಿ ಸುಟ್ಟೆ."

"ಯಾರ ಕೂಡ ಮಾತಾಡತಿದ್ದಿ?"

ವಸಂತಾ ಕರಕಲು ಚಪಾತಿಯನ್ನು ಹಂಚಿನಿಂದ ತೆಗೆದು ಬದಿಗಿಟ್ಟಳು.

"ನೋಡು, ಸಿಟ್ಟಿಲೆ ಹೇಳತಿಲ್ಲ. ಇನ್ನೊಮ್ಮಿ ಹಿಂಗಾದ್ರ ಧಾರವಾಡಕ್ಕ, ನಿಮ್ಮಣ್ಣನ ಮನ್ಯಾಗ ಬಿಟ್ಟು ಬರತೇನಿ. ನಾ ಟೂರಿಗೆ ಹೋದ್ರ ಇಲ್ಲೆ ನಿನಗ ಯಾರದಾರ?"

ಅಣ್ಣನ ಮನೆ ಅವಳಿಗೆ ಬೇಡವೇ ಬೇಡ. ಹೋದ ಸಲ ಅತ್ತಿಗೆ ಅನಸೂಯ ತೋಳಿಗೆ ತಾಯಿತ ಕಟ್ಟಿ, "ಪಾಪ, ಗಾಳಿ ಬಡದದ" ಎಂದು ಓಣಿಗೆಲ್ಲ ಸಾರಿದ್ದಳು. ಅಲ್ಲಿಗೆ ಹೋದರೆ ಮುಗಿಯಿತು, ಸಾಯುವತನಕ ತಾನು ರೋಗಿಯೇ.

ಹಾಗೆ ನೋಡಿದರೆ ಈ ಮನೆ ಹಿಡಿದವನು ದೇವೇಂದ್ರನೇ. ಭೂಕಂಪವಾದ ಮೇಲೆ ಟೆಲಿಫೋನ್ ಇಲಾಖೆ ಅವನನ್ನು ಭುಜ್‌ನಿಂದ ಕಲ್ಕತ್ತೆಗೆ ಹಾಕಿತು. ಅವನು ಮನೆ ನೋಡಲು ಬಂದ ದಿನ ಊರೆಲ್ಲ ಬಂದ್. ಬಸ್ಸಿಲ್ಲ, ಟ್ರೇನಿಲ್ಲ, ಜನ ನಡುರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹಳಿ ಕಣ್ಣಿಗೆ ಬಿದ್ದಿತ್ತಂತೆ, ಸದ್ದು ಕಿವಿಗೆ ಬೀಳಲಿಲ್ಲವಂತೆ. 'ಏನ್ ಶಾಂತ ಜಾಗಾ ಅಂತೀ!' ಎಂದು ಆ ಮಹರಾಯ ಒಪ್ಪಿಕೊಂಡೇ ಬಂದ. ಕಲ್ಕತ್ತೆಯಲ್ಲಿ ಬಂದ್ ದಿನ ಯಾರಾದರೂ ಮನೆ ನೋಡುತ್ತಾರೆಯೇ ಎಂದು ಆಮೇಲೆ ಆಫೀಸಿನವರು ನಕ್ಕರು. ಬೇರೆ ಮನೆ ಹುಡುಕೋಣ ಎನ್ನಲು ವಸಂತಾಳಿಗೆ ಬಾಯಿ ಬರಲಿಲ್ಲ. ಹಾಗೆಂದರೆ ಹೆದರಿಕೆ ಇನ್ನೂ ಹೋಗಿಲ್ಲ ಎಂದು ಒಪ್ಪಿಕೊಂಡಂತೆಯೇ.

ಒಪ್ಪಿಕೊಳ್ಳದ ಇನ್ನೊಂದು ಮಾತೂ ಇತ್ತು. ಭುಜ್‌ನಲ್ಲಿ ಅಡುಗೆಮನೆಯ ಛತ್ತು ಕುಸಿದು ಅವಳು ಸಂಜೆಯತನಕ ಅಡಿಯಲ್ಲಿ ಬಿದ್ದಿದ್ದಳು. ತಲೆಯ ಮೇಲೆ ದೇವೇಂದ್ರನ ಬೂಟು ನಡೆದಾಡಿತು. "ವಸಂತಾ! ವಸಂತಾ!" ಎಂದು ಕೂಗಿದ. ಅವಳು ಬಾಯಿ ತೆರೆದಳು. ಗಂಟಲ ತುಂಬ ಸಿಮೆಂಟಿನ ಧೂಳು, ದನಿ ಹೊರಡಲಿಲ್ಲ. ಬೂಟು ಬೇರೆ ಕಡೆಗೆ ಹೋಗಿಬಿಟ್ಟಿತು. ಕಡೆಗೆ ಎಳೆದು ತೆಗೆದವರು ಸೈನಿಕರು. ತಾನು ಕೂಗಿದಾಗ ಅವಳಿಗೆ ಎಚ್ಚರವಿರಲಿಲ್ಲ ಎಂದೇ ದೇವೇಂದ್ರ ಇಂದಿಗೂ ನಂಬಿದ್ದಾನೆ.

ಆ ದಿನ ಅವನು ಟೂರಿಗೆಂದು ಆಸನ್‌ಸೋಲಿಗೆ ಹೋದ. ಸಂಜೆ ಮಹಡಿಯ ಮೇಲಿನಿಂದ ಶಂಖ ಕೇಳಿಸಿತು. ಅದು ಮನೆಯೊಡತಿ ಮಾಶಿಮಾ ದೀಪ ಹಚ್ಚುವ ಹೊತ್ತು. ಬಂದ ಹೊಸದರಲ್ಲಿ ಆ ಸದ್ದಿಗೆ ವಸಂತಾಳ ಜೀವವೇ ಹಾರಿಹೋಗಿತ್ತು; ನಮ್ಮ ಕಡೆ ಶಂಖ ಜಾಗಟೆ ಹೊರಡುವುದು ಹೆಣದ ಮುಂದೆ. ಹೆಂಗಸರು ಶಂಖ ಊದುವುದುಂಟೇ! ಮಾಶಿಮಾ ತನ್ನ ಮುರುಕು ಹಿಂದಿಯಲ್ಲಿ ನಕ್ಕು ಹೇಳಿದ್ದಳು: "ಇಲ್ಲಿ ಊದುವವರೇ ನಾವು. ದೀಪ ಹಚ್ಚಿದರೂ ಊದುತ್ತೇವೆ, ಮದುವೆಗೂ ಊದುತ್ತೇವೆ, ಭೂಮಿ ನಡುಗಿದರೂ ಊದುತ್ತೇವೆ." ಮುದುಕಿಯ ಮಗ ಸೆಕ್ಟರ್ ಫೈವ್‌ನ ಕಾಲ್ ಸೆಂಟರಿನಲ್ಲಿ ರಾತ್ರಿಯೆಲ್ಲ ದುಡಿದು ಹಗಲೆಲ್ಲ ಮಲಗುತ್ತಿದ್ದ. ಅವಳಿಗೂ ಮಾತಿಗೆ ಜನವಿರಲಿಲ್ಲ. ದುರ್ಗಾಪೂಜೆಯ ಹಬ್ಬಕ್ಕೆ ವಸಂತಾಳಿಗೊಂದು ಪುಟ್ಟ ಶಂಖ ಕೊಟ್ಟಳು. ಊದಿದರೆ ಬರೀ 'ಫುಸ್'. "ಕೆನ್ನೆಯಿಂದಲ್ಲ ಬೌಮಾ, ಹೊಟ್ಟೆಯಿಂದ" ಎಂದು ಮಾಶಿಮಾ ಸೊಸೆಯಂದಿರನ್ನು ಕರೆಯುವಂತೆ ಕರೆದು ಹೊಟ್ಟೆ ತಟ್ಟಿ ತೋರಿಸಿದ್ದಳು. ಅಂದಿನಿಂದ ಆ ಶಂಖ ದೇವರ ಮಣೆಯ ಮೇಲೆ ಸುಮ್ಮನೆ ಕೂತಿತ್ತು.

ಮರುದಿನ ಡಿಸೆಂಬರಿನ ಕೊನೆಯ ಭಾನುವಾರ. ವಸಂತಾ ಹಾಲು ಕಾಯಲಿಟ್ಟಿದ್ದಳು. ಗಂಟೆ ಕಿಣಿಕಿಣಿ ಅಂದಿತು.

"ಇದು ಪಾತೇಲಿ. ಇದು ಇಕ್ಕಳ. ಇದು ಕಲ್ಕತ್ತಾ. ಬರೇ ಟ್ರೇನು."

ಗಂಟೆ ನಿಲ್ಲಲಿಲ್ಲ. ಟ್ರೇನಿನ ಕೂಗೂ ಬರಲಿಲ್ಲ. ಪಾತೇಲಿಯ ಹಾಲು ಒಮ್ಮೆ ಆಚೆ ದಂಡೆಗೆ, ಒಮ್ಮೆ ಈಚೆ ದಂಡೆಗೆ ಹೊಯ್ದಾಡಿತು. "ಬರೇ ಟ್ರೇನು, ಬರೇ ಟ್ರೇನು" ಎಂದು ಅವಳು ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಮಹಡಿಯ ಮೇಲೆ ಶಂಖ ಮೊಳಗಿತು. ಬೆಳಗಿನ ಹೊತ್ತಿನಲ್ಲಿ! ಪಕ್ಕದ ಮನೆಯದು ಮೊಳಗಿತು, ಎದುರು ಮನೆಯದು, ಆಮೇಲೆ ಇಡೀ ಓಣಿಯದು.

ಅಯ್ಯೋ ಶಿವನೇ, ಇದು ಟ್ರೇನಲ್ಲ.

ಗ್ಯಾಸ್ ಆರಿಸಿದ್ದು ಹೇಗೋ ಅವಳಿಗೇ ತಿಳಿಯದು. ಗೋಡೆಗುಂಟ ಜಾರಿ ಕುಸಿದಳು. ನೆಲದ ನಡುಕ ನಿಂತಿತು, ಅವಳದು ನಿಲ್ಲಲಿಲ್ಲ. ಬಾಯಲ್ಲಿ ಧೂಳಿನ ರುಚಿ. ಓಣಿಯಲ್ಲಿ "ಭೂಮಿಕಂಪೋ! ಭೂಮಿಕಂಪೋ!" ಎಂದು ಜನ ಅರಚುತ್ತಿದ್ದರು. ತಲೆಯ ಮೇಲೆ, ಅಡುಗೆಮನೆಯ ಛತ್ತಿಗೆ ತಾಗಿದ ಮೆಟ್ಟಿಲಲ್ಲಿ ಮಾಶಿಮಾಳ ಚಪ್ಪಲಿ ಪಟಪಟ ಇಳಿಯಿತು.

"ಬೌಮಾ! ಓ ಬೌಮಾ!"

ವಸಂತಾ ಬಾಯಿ ತೆರೆದಳು. ದನಿಯಿಲ್ಲ. ಇವಳು ಆಗಲೇ ಹೊರಗೆ ಬಂದಿರಬೇಕು ಎಂದುಕೊಂಡಳೇನೋ ಮುದುಕಿ, ಚಪ್ಪಲಿಯ ಸದ್ದು ಅಂಗಳ ದಾಟಿ ಗೇಟಿನ ಕಡೆ ಹೊರಟಿತು. ದೂರವಾಗುತ್ತಿತ್ತು. ಹೋಗಬ್ಯಾಡ, ನಾ ಇಲ್ಲೇ ಅದೇನಿ, ಇಲ್ಲೇ ಅದೇನಿ ಎಂದು ಎದೆ ಚೀರಿತು, ನಾಲಗೆ ಏಳಲಿಲ್ಲ. ಕೈ ತಡವರಿಸಿತು. ಮಣೆಯ ಮೇಲಿನ ತಟ್ಟೆ ಉರುಳಿತು, ಬೆರಳಿಗೆ ಶಂಖ ಸಿಕ್ಕಿತು.

ಊದಿದಳು. ಫುಸ್. ಇನ್ನೊಮ್ಮೆ ಊದಿದಳು. ಫುಸ್.

ಹೊಟ್ಟೆಯನ್ನು ಅಂಗೈಯಿಂದ ಅದುಮಿ ಹಿಡಿದು, ಇದ್ದಬಿದ್ದ ಉಸಿರೆಲ್ಲ ಸೇರಿಸಿ ಊದಿದಳು. ತಾಯಿ ಕಾಣದ ಕರುವಿನಂತೆ ಒಡಕು ದನಿಯೊಂದು ಹೊರಟು ಅಡುಗೆಮನೆ ತುಂಬಿತು.

ಗೇಟಿನ ಬಳಿ ಚಪ್ಪಲಿ ನಿಂತಿತು. ಆಮೇಲೆ ಹಿಂದಿರುಗಿ, ಅವಳ ಬಾಗಿಲ ಕಡೆಗೆ ಪಟಪಟ ಬರತೊಡಗಿತು.

ವಸಂತಾ ಶಂಖವನ್ನು ಮತ್ತೆ ತುಟಿಗೆ ಹಚ್ಚಿದಳು.