ಯಾವ ಪೆಟ್ಟಿಗೆ ಕಟ್ಟಿಸಲಿ

ಸಿಡಿ ಪ್ಲೇಯರಿನ ದೀಪ ಹಸಿರು, ಪಕ್ಕದ ಕರಿ ಪೆಟ್ಟಿಗೆಯದು ನೀಲಿ, ನೀಲಿಯದು ಮಿಟುಕುತ್ತಲೇ ಇದೆ, ಸುಮ್ಮನೆ ಕೂರಲು ಬಾರದ ಕೂಸಿನ ಹಾಗೆ, ಅಂಗಡಿಯ ಚಾಂದಸಾಬ ಮತ್ತೆ ಅದನ್ನೇ ಹೊಗಳುತ್ತಿದ್ದಾನೆ, ಇದು ಸರ್ವರ್ ಅಂತ್ರಿ ಅಕ್ಕಾರ, ನಿಮ್ಮ ಮುನ್ನೂರು ಸಿಡಿನೂ ಇದರ ಹೊಟ್ಟ್ಯಾಗ ತುಂಬಿ ಕೊಡ್ತೇನಿ, ಸಾಹೇಬ್ರು ಮಲಕೊಂಡಲ್ಲೇ ಎಡಗೈಲೆ ರಿಮೋಟ್ ಒತ್ತಿದ್ರ ಸಾಕು, ನೀವು ಏಳೂದ ಬ್ಯಾಡ — ಏಳೂದ ಬ್ಯಾಡ, ಆ ಮಾತು ಎಷ್ಟು ಹಿತವಾಗಿ ಕಿವಿಗೆ ಬಿತ್ತು, ಥೂ ದಾನೇಶ್ವರಿ, ಗಂಡನಿಗೆ ಹಾಡು ಕೊಳ್ಳಲು ಬಂದವಳು ನಿನ್ನ ಮೊಣಕಾಲಿನ ಚಿಂತೆ ಮಾಡುತ್ತೀಯಲ್ಲ. ಆದರೆ ಮೊಣಕಾಲು ನೋಯುವುದೂ ಸುಳ್ಳಲ್ಲ, ಯುಗಾದಿಯ ಮುಂದೆ ಅವರಿಗೆ ಲಕ್ವಾ ಹೊಡೆದು ಬಲಗಡೆಯೂ ಮಾತೂ ಒಟ್ಟಿಗೇ ಹೋದಾಗಿನಿಂದ ದಿನಕ್ಕೆ ನಲವತ್ತು ಸಲ ಏಳುತ್ತೇನೆ, ಖಾಲಿ ಸಿಡಿ ಡಬ್ಬಿಯಿಂದ ಮಂಚದ ಕಬ್ಬಿಣದ ಪಟ್ಟಿಗೆ ಟಕ್ ಟಕ್ ಟಕ್ ಎಂದು ಬಡಿದರೆಂದರೆ ತವೆಯ ಮೇಲಿನ ರೊಟ್ಟಿ ಬಿಟ್ಟು ಓಡಬೇಕು, ಸಿಡಿಗಳನ್ನು ಒಂದೊಂದಾಗಿ ಎತ್ತಿ ತೋರಿಸಬೇಕು, ಇದೇನ್ರಿ, ಒಂದು ಹೊಡೆತ, ಅಂದರೆ ಅಲ್ಲ, ಇದೇನ್ರಿ, ಮತ್ತೆ ಒಂದು, ಒಮ್ಮೆ ಹದಿನೇಳು ಸಿಡಿಗೂ ಒಂದೇ ಹೊಡೆತ ಬಿದ್ದು ಹದಿನೆಂಟನೆಯದಕ್ಕೆ ಎರಡು ಬಿತ್ತು, ರೈಟ್, ಅರ್ಧ ಬಾಯಲ್ಲಿ ನಗೆ.

ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು, ಟಿಕೆಟಿಗೆ ತೂತು ಹಾಕುವ ಪಂಚಿನಿಂದ ಬಸ್ಸಿನ ಕಂಬಿಗೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು, ನಾಲಿಗೆ ಹೋದರೂ ಅದೊಂದು ಉಳಿದಿದೆ — ಮದುವೆಯಾದ ಹೊಸತರಲ್ಲಿ ತವರಿಗೆ ಹೊರಟರೆ ಅವರದೇ ಬಸ್ಸು, ಯಂಕಂಚಿಯಲ್ಲಿ ಇಳಿದು ನಾನು ಬೇವಿನ ಗಿಡದ ತನಕ ನಡೆದು ತಿರುಗಿ ನೋಡದ ಹೊರತು ಎರಡು ಹೊಡೆಯುತ್ತಿರಲಿಲ್ಲ, ಡ್ರೈವರ್ ಬಂದಗಿಸಾಬ ಕೂಗುತ್ತಿದ್ದ, ಏನ್ರಿ ಶಂಕರೆಪ್ಪ, ಇವತ್ತ ವಸ್ತಿ ಇಲ್ಲೇ ಏನು, ಬಸ್ಸೆಲ್ಲ ನಗುತ್ತಿತ್ತು, ನಾಚಿಕೆಯಿಂದ ನಾನು ಬೇಕೆಂದೇ ತಡಮಾಡಿ ತಿರುಗುತ್ತಿದ್ದೆ. ತಿಂಗಳಿಗೊಂದು ಸಿಡಿ, ಬಿಜಾಪುರದಿಂದ ಅಂಗಿಯ ಒಳಗಿಟ್ಟುಕೊಂಡು ತರುತ್ತಿದ್ದರು, ಧೋತರದ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು, ನನಗೆ ಮುಟ್ಟಲು ಬಿಡುತ್ತಿರಲಿಲ್ಲ, ನಿನ್ನ ಕೈಗೆ ಒಗ್ಗರಣಿ ಎಣ್ಣಿ ಇರ್ತೈತಿ ಎನ್ನುತ್ತಿದ್ದರು, ಈಗ ಎಲ್ಲದಕ್ಕೂ ಈ ಒಗ್ಗರಣೆ ಎಣ್ಣೆಯ ಕೈಯೇ ಗತಿ.

ಅಕ್ಕಾರ, ಇನ್ನೊಂದು ಹೇಳೂದ ಮರ್ತೆ, ಇದಕ್ಕ ಬ್ಯಾಟರಿ ಐತ್ರಿ, ಕರೆಂಟ್ ಹೋದ್ರೂ ಒಂದ್ ತಾಸು ಹಾಡ್ತೈತಿ — ಇವನಿಗೆ ಯಾರಾದರೂ ಹೇಳಿದರೇ, ಇಲ್ಲ, ಯಾರಿಗೂ ಗೊತ್ತಿಲ್ಲ, ಅವರಿಗೂ ನನಗೂ ಬಿಟ್ಟು ಯಾರಿಗೂ. ಹೋದ ವಾರದ ಮಂಗಳವಾರ ಮಧ್ಯಾಹ್ನ, ಮೊದಲ ತುತ್ತು ಬಾಯಿಗಿಟ್ಟಿದ್ದೆ, ಟಕ್ ಟಕ್ ಟಕ್, ಎರಡನೆಯ ತುತ್ತು, ಟಕ್ ಟಕ್ ಟಕ್, ನನ್ನೊಳಗೆ ಏನು ಹೊಕ್ಕಿತೋ, ಎದ್ದು ಪಡಸಾಲೆಗೆ ಹೋಗಿ ಫ್ಯೂಜ್ ಕಿತ್ತು ಸೆರಗಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದೆ, ಕರೆಂಟ್ ಹೋಗೇತ್ರಿ, ಸುಮ್ನ ಮಲಕೋರಿ. ಎದುರಿಗೆ ಮಡಿವಾಳಪ್ಪನ ಹಿಟ್ಟಿನ ಗಿರಣಿ ಗರಗರ ತಿರುಗುತ್ತಿತ್ತು, ಕರೆಂಟಿನ ಗಿರಣಿ, ನಾನು ಅದನ್ನು ಕೇಳಿಸಿಕೊಳ್ಳುವ ಮೊದಲೇ ಅವರು ಕೇಳಿಸಿಕೊಂಡಿದ್ದರು, ಕಿಟಕಿ ನೋಡಿದರು, ನನ್ನನ್ನು ನೋಡಿದರು, ಬಡಿಯಲು ಎತ್ತಿದ್ದ ಕೈ ಹಾಗೇ ಇಳಿದು ಚಾದರದ ಮೇಲೆ ಬಿತ್ತು, ಆಮೇಲೆ ಬಡಿದಿಲ್ಲ, ಒಂಬತ್ತು ದಿನ, ನಾನಾಗಿ ಹೋಗಿ ಇದೇನ್ರಿ ಎಂದರೆ ಕಣ್ಣು ಮುಚ್ಚುತ್ತಾರೆ, ಫ್ಯೂಜ್ ಅದೇ ಸಂಜೆ ಹಾಕಿದೆ, ತಪ್ಪಾತ್ರಿ ಎಂದೂ ಅಂದೆ, ಮನೆಯಲ್ಲಿ ಎಂಥ ಸುಖ, ಬಿಸಿ ರೊಟ್ಟಿ ಬಿಸಿಯಾಗಿಯೇ ತಿನ್ನುತ್ತೇನೆ, ಎರಡನೆಯ ತುತ್ತಿಗೆ ನಿಲ್ಲಿಸಿ ಕಿವಿಗೊಡುತ್ತೇನೆ. ಹಳೆಯ ಪ್ಲೇಯರ್ ತೊದಲುತ್ತದೆ, ಹೊಸದು ಬೇಕು ಎಂದು ಎಲ್ಲರಿಗೂ ಹೇಳಿ ಬಂದೆ, ತೊದಲುವುದು ನಿಜವೇ, ನಾನು ಬಂದದ್ದು ಅದಕ್ಕಲ್ಲ.

ನೀಲಿ ದೀಪದ್ದನ್ನು ಒಯ್ದರೆ ಅವರು ಬಡಿಯಬೇಕಾಗಿಯೇ ಇಲ್ಲ, ನನ್ನ ಮುಖ ನೋಡಬೇಕಾಗಿಯೂ ಇಲ್ಲ, ಒತ್ತುತ್ತಾರೆ, ಕೇಳುತ್ತಾರೆ, ಅವರ ಪಾಡಿಗೆ ಅವರು, ಊರೆಲ್ಲ ಎಂಥ ಹೆಂಡತಿ ಎನ್ನುತ್ತದೆ, ನನ್ನ ಸುಳ್ಳು ಆ ಪೆಟ್ಟಿಗೆಯ ಅಡಿಗೆ ಸೇರುತ್ತದೆ, ಆಮೇಲೆ ನನ್ನನ್ನು ಕರೆಯಲು ಅವರಿಗೆ ಏನು ಉಳಿಯಿತು, ನೀರೂ ಬೆಡ್‌ಪ್ಯಾನೂ. ಯಾವುದ್ ಕಟ್ಟಲ್ರಿ ಅಕ್ಕಾರ. ಸಿಡಿ ಪ್ಲೇಯರ್ ಕಟ್ಟಪಾ. ದಿನಾ ಎದ್ದು ಕುಂತು ತ್ರಾಸ ಆಗ್ತೈತ್ರಿ ನಿಮಗ, ಇನ್ನೊಮ್ಮಿ ವಿಚಾರ ಮಾಡ್ರಿ. ಆಗ್ಲಿ, ಕಟ್ಟು. ಕಟ್ಟುತ್ತಿದ್ದಾನೆ, ಸುತಳಿ ಬಿಗಿಯುತ್ತಿದ್ದಾನೆ, ಒಯ್ದು ಮಂಚದ ಪಕ್ಕ ಇಡುತ್ತೇನೆ, ಮೊದಲ ಸಿಡಿ ಎತ್ತಿ ಹಿಡಿಯುತ್ತೇನೆ, ಇದೇನ್ರಿ, ಎರಡು ಬೇಡ, ಒಂದು ಸಾಕು, ಮುನ್ನೂರಕ್ಕೂ ಒಂದೊಂದೇ ಬಡಿಯಲಿ, ಅಲ್ಲ, ಅಲ್ಲ, ಅಲ್ಲ, ಸಂಜೆಯವರೆಗೆ ನಿಂತಿರುತ್ತೇನೆ, ಇದೇನ್ರಿ — ಸುತಳಿ ನೋಡುತ್ತ ನಿಂತಲ್ಲೇ ಕಾಣುತ್ತದೆ, ಎಡಗೈ ಏಳುತ್ತದೆ, ಡಬ್ಬಿ ಪಟ್ಟಿಯ ಹತ್ತಿರ ಬರುತ್ತದೆ, ಎರಡು ಬೆರಳಿನಷ್ಟು ದೂರ, ಅಲ್ಲೇ, ಕೈ ಅಲ್ಲೇ, ಡಬ್ಬಿ ಅಲ್ಲೇ, ಎರಡು ಬೆರಳು