ನೂರೈವತ್ತರ ತಿಂಡಿ

ಎಣ್ಣೆ ಸರಿಯಾಗಿ ಕಾಯುವ ಮೊದಲೇ ಗ್ವೇಲಾನ್ ಹಿಟ್ಟಿನ ಎಳೆಯನ್ನು ಬಾಣಲೆಗೆ ಬಿಟ್ಟಿದ್ದಳು. ಅದು ಉಬ್ಬಲಿಲ್ಲ, ಎಣ್ಣೆ ಕುಡಿದು ತಳದಲ್ಲೇ ಬಿದ್ದಿತ್ತು. ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಎಳೆ ಬಿಟ್ಟಳು.

ಅಡುಗೆಮನೆ ಮನೆಯೊಡತಿ ಶೆನ್ ಮುದುಕಿಯದು. ಮಗಳ ಕಾಲೇಜು ಪ್ರವೇಶ ಪರೀಕ್ಷೆಗೆಂದು ಗ್ವೇಲಾನ್ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ತಾನು ದುಡಿಯುವ ದಕ್ಷಿಣದ ಶೂ ಕಾರ್ಖಾನೆಗೆ ರಜೆ ಹಾಕಿ ರಾತ್ರಿಯಿಡೀ ರೈಲಿನಲ್ಲಿ ಕೂತೇ ಬಂದಿದ್ದಳು. ಹಾಸ್ಟೆಲಿನಲ್ಲಿದ್ದ ಮಗಳು ಶಿನ್‌ಯುವೆಯನ್ನು ನಿನ್ನೆ ಸಂಜೆ ಕರೆತಂದು ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಪರೀಕ್ಷೆಯ ಬೆಳಿಗ್ಗೆ ತಟ್ಟೆಯಲ್ಲಿ ಕರಿದ ಹಿಟ್ಟಿನ ಕೋಲು ಒಂದು, ಪಕ್ಕದಲ್ಲಿ ಎರಡು ಮೊಟ್ಟೆ ಇಡಬೇಕು. ನೋಡಿದರೆ ಒಂದರ ಮುಂದೆ ಎರಡು ಸೊನ್ನೆ, ನೂರು. ತಿಂದ ಮಗುವಿಗೆ ಅಷ್ಟೂ ಅಂಕ. ಕಾರ್ಖಾನೆಯಲ್ಲಿ ಅಂಟು ಹಚ್ಚುವ ಹೆಂಗಸರು ಹೇಳಿ ಕಳಿಸಿದ್ದು ಇದನ್ನೇ. ಬೆಳಿಗ್ಗೆ ಹೊಟ್ಟೆ ತುಂಬಿದ್ದರೆ ತಲೆ ಓಡುತ್ತದೆಂದು ಟಿವಿಯ ಡಾಕ್ಟರೂ ಹೇಳಿದ್ದರಂತೆ.

ಮುದುಕಿ ಬಾಗಿಲಿಗೆ ಒರಗಿ ತಟ್ಟೆ ನೋಡಿದಳು.

"ಅಲ್ಲ ಕಣೇ, ಇವತ್ತಿನ ಪೇಪರ್ ನೂರೈವತ್ತಕ್ಕೆ. ನೀನು ನೂರೇ ತಿನ್ನಿಸಿದ್ರೆ ಮಿಕ್ಕಿದ್ದು ನಾನ್ ಕೊಡ್ಲಾ?"

ಮುದುಕಿ ಹೇಳಿದ್ದು ತಮಾಷೆಗೆ. ಗ್ವೇಲಾನ್ ನಗಲಿಲ್ಲ. ಒಂದು ಮೊಟ್ಟೆ ತೆಗೆದಿಟ್ಟಳು. ಉಳಿದ ಹಿಟ್ಟಿನ ಒಂದು ಎಳೆ ತಿರುಚಿ ಐದರ ಆಕಾರ ಮಾಡಿ ಬಾಣಲೆಗೆ ಬಿಟ್ಟಳು. ಅದು ಎಣ್ಣೆಯಲ್ಲಿ ನೆಟ್ಟಗಾಯಿತು. ಮತ್ತೊಂದನ್ನು ಬಿಟ್ಟು ಬೇಯುವವರೆಗೂ ಕಡ್ಡಿಯಲ್ಲಿ ಒತ್ತಿ ಹಿಡಿದಳು. ಮುಂಗೈಗೆ ಎಣ್ಣೆ ಸಿಡಿಯಿತು.

ಶಿನ್‌ಯುವೆ ಯೂನಿಫಾರ್ಮ್ ಹಾಕಿಕೊಂಡು ಬಂದು ತಟ್ಟೆಯ ಮುಂದೆ ನಿಂತಳು.

"ಅದು ಐದು," ಗ್ವೇಲಾನ್ ಹೇಳಿದಳು.

"ಗೊತ್ತಾಯ್ತು."

ಹುಡುಗಿ ಐದರ ತುದಿ ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನುಂಗಲಾಗಲಿಲ್ಲ. ನಲ್ಲಿಯ ಹತ್ತಿರ ಹೋಗಿ ಉಗುಳಿ ಬಾಯಿ ತೊಳೆದುಕೊಂಡಳು.

"ಬೆಳಿಗ್ಗೆ ನಾನೇನೂ ತಿನ್ನಲ್ಲಮ್ಮ. ತಿಂದ್ರೆ ವಾಂತಿ ಬರತ್ತೆ."

"ಯಾವಾಗಿಂದ?"

"ಹಾಸ್ಟೆಲ್ ಸೇರಿದಾಗಿಂದ."

"ಫೋನ್ ಮಾಡ್ದಾಗೆಲ್ಲ ತಿಂಡಿ ಆಯ್ತು ಅಂತಿದ್ದೆ."

"ನೀನು ಕೇಳ್ತಿದ್ದದ್ದು ಅದೊಂದೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿಯ ಮುಖ ನೋಡಿ ಅವಳೇ ತಟ್ಟೆಯ ಮೊಟ್ಟೆ ಎತ್ತಿಕೊಂಡು ಸಿಪ್ಪೆ ಸುಲಿಯತೊಡಗಿದಳು. ಬಲವಂತ ಮಾಡಿದರೆ ಪೂರ್ತಿ ತಟ್ಟೆ ತಿಂದಾಳು, ಆಮೇಲೆ ಪರೀಕ್ಷೆಯ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಾಳು. ಗ್ವೇಲಾನ್‌ಗೆ ಅದು ಗೊತ್ತಾಯಿತು. ಮಗಳ ಕೈಯಿಂದ ಮೊಟ್ಟೆ ತೆಗೆದುಕೊಂಡಳು.

"ಬಿಡು. ಏನ್ ಕುಡೀತೀಯ?"

"ಬಿಸಿನೀರು."

ಲೋಟಕ್ಕೆ ನೀರು ಬಗ್ಗಿಸಿದಳು. ಎಷ್ಟು ಬಿಸಿ ಬೇಕೋ ತಿಳಿಯಲಿಲ್ಲ. ಹುಡುಗಿ ಲೋಟವನ್ನು ಒಮ್ಮೆ ಮುಟ್ಟಿ ನೋಡಿ, ತಾನೇ ಒಂದಿಷ್ಟು ತಣ್ಣೀರು ಬೆರೆಸಿಕೊಂಡು ನಿಂತೇ ಕುಡಿದಳು.

ದಾರಿಯಲ್ಲಿ ಶಿನ್‌ಯುವೆ ಬಿರಬಿರನೆ ನಡೆದಳು. ಒಬ್ಬಳೇ ನಡೆದು ರೂಢಿಯಾದವರ ನಡಿಗೆ. ಶಾಲೆಯ ಗೇಟಿನ ಹತ್ತಿರ ಶುಭವೆಂದು ಕೆಂಪು ಬಟ್ಟೆ ತೊಟ್ಟ ತಾಯಂದಿರು ಕಿಕ್ಕಿರಿದಿದ್ದರು. ಏನು ತಿನ್ನಿಸಿದಿರಿ ಎಂದು ಒಬ್ಬಳು ಗ್ವೇಲಾನ್‌ಳನ್ನು ಕೇಳಿದಳು. ಎಲ್ಲಾ ತಿಂದಳು ಎಂದಳು ಗ್ವೇಲಾನ್. ಅಷ್ಟರಲ್ಲಿ ಮಗಳು ಗೇಟು ದಾಟಿದ್ದಳು.

ಒಳಗೆಲ್ಲ ಅದೇ ನೀಲಿ ಯೂನಿಫಾರ್ಮ್, ಅದೇ ಎತ್ತಿ ಕಟ್ಟಿದ ಜುಟ್ಟು. ಬೆನ್ನು ನೋಡಿ ತನ್ನವಳು ಯಾರೆಂದು ಗುರುತಿಸಲು ಗ್ವೇಲಾನ್‌ಗೆ ಆಗಲಿಲ್ಲ. ಕೈ ಎತ್ತಿ ಬೀಸಿದಳು. ಯಾವುದೋ ಹುಡುಗಿ ತಿರುಗಿ ನೋಡಿ ಮತ್ತೆ ಮುಂದೆ ಹೋದಳು. ಗೇಟು ಮುಚ್ಚುವವರೆಗೂ ಗ್ವೇಲಾನ್ ಅಷ್ಟೂ ಬೆನ್ನುಗಳಿಗೆ ಕೈ ಬೀಸುತ್ತಲೇ ಇದ್ದಳು.